ಕಿಡ್ನಿಯ ರಚನೆ ಕಲಿಸಿದ ಆರು ಪಾಠಗಳು

ಕಿಡ್ನಿ ವೈದ್ಯರ ಎದುರು ಕೂತವರು ಮೊದಲು ಕೇಳುವುದು, "ಡಾಕ್ಟ್ರೇ, ಕ್ರಿಯಾಟಿನಿನ್ ಎಷ್ಟಿದೆ?" ಕಿಡ್ನಿ ಹೊರಹಾಕಬೇಕಾದ ಈ ತ್ಯಾಜ್ಯ ರಕ್ತದಲ್ಲಿ ಎಷ್ಟಿದೆ ಎಂಬ ಅಂಕಿ ಮುಖ್ಯ, ನಿಜ. ಆದರೆ ಕಿಡ್ನಿಯ ಯಾವ ಭಾಗಕ್ಕೆ ಪೆಟ್ಟು ಬಿದ್ದಿದೆ ಎಂಬುದನ್ನು ಅದೊಂದೇ ಹೇಳಲಾರದು. ಒಂದೊಂದು ಭಾಗದ ರಚನೆ ಒಂದೊಂದು ಕೆಲಸಕ್ಕೆ ಹೊಂದಿಕೊಂಡಿದೆ. ಯಾವ ಭಾಗ ಕೆಡುತ್ತದೋ ಅದಕ್ಕೆ ತಕ್ಕ ಲಕ್ಷಣ ಕಾಣುತ್ತದೆ. ರೋಗಿಗಳಿಗೆ ಇದನ್ನು ವಿವರಿಸುತ್ತಲೇ ನನ್ನಲ್ಲಿ ಗಟ್ಟಿಯಾದ ಪಾಠಗಳಿವು.

1. ಮೊದಲು ರಕ್ತದ ಹರಿವು ನೋಡಬೇಕು
ಎರಡೂ ಕಿಡ್ನಿ ಸೇರಿ ತೂಕ ಸುಮಾರು 300 ಗ್ರಾಂ. ಆದರೂ ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಪಾಲು ಇಲ್ಲಿಗೆ ಬರುತ್ತದೆ. ಗ್ಲೊಮೆರುಲಸ್ ಎಂಬ ಲೋಮನಾಳಗಳ ಗೊಂಚಲಿಗೆ ರಕ್ತ ಬರುವುದೂ ಕಿರುಧಮನಿಯಿಂದ, ಹೋಗುವುದೂ ಕಿರುಧಮನಿಯಿಂದ. ಸೋಸಲು ಬೇಕಾದ ಒತ್ತಡವನ್ನು ಕಾಯುವುದು ಇವೆರಡರ ಬಿಗಿತವೇ. ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದಾಗ ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಳಸಿ ಒಳಬರುವ ಕಿರುಧಮನಿಯನ್ನು ತೆರೆದಿಡುತ್ತದೆ. ಅಂಥ ಹೊತ್ತಿನಲ್ಲಿ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದರೆ ಪ್ರೊಸ್ಟಾಗ್ಲಾಂಡಿನ್ ತಯಾರಿ ತಗ್ಗಿ ಆ ಆಸರೆಯೂ ತಪ್ಪುತ್ತದೆ.

2. ನೊರೆ ಮೂತ್ರವನ್ನು ಕಡೆಗಣಿಸಬಾರದು
ಗ್ಲೊಮೆರುಲಸ್‌ನ ಗೋಡೆಗೆ ಮೂರು ಪದರ: ರಂಧ್ರಗಳಿರುವ ಒಳಪದರ, ನಡುವೆ ತೆಳುಪೊರೆ, ಹೊರಗೆ ಪೋಡೋಸೈಟ್ ಜೀವಕೋಶಗಳು. ಪೋಡೋಸೈಟ್‌ಗಳ ಪಾದಗಳು ಒಂದರೊಳಗೊಂದು ಹೆಣೆದುಕೊಂಡು ನಡುವೆ ಅತಿ ಸಣ್ಣ ಬಿರುಕುಗಳನ್ನಷ್ಟೇ ಉಳಿಸುತ್ತವೆ. ನೀರು, ಉಪ್ಪು, ಯೂರಿಯಾ ದಾಟುತ್ತವೆ; ಆಲ್ಬುಮಿನ್ ಎಂಬ ಪ್ರೋಟೀನ್ ಬಹುಪಾಲು ರಕ್ತದಲ್ಲೇ ಉಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಈ ಗೋಡೆ ಹಾಳಾಗತೊಡಗಿದಾಗ ಕ್ರಿಯಾಟಿನಿನ್ ಏರುವ ಎಷ್ಟೋ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಸಿಗಬಹುದು. ಸೋರಿಕೆ ಹೆಚ್ಚಿದಂತೆ ಮೂತ್ರದಲ್ಲಿ ನೊರೆ ನಿಲ್ಲುತ್ತದೆ, ಕಾಲು ಊದುತ್ತದೆ.

3. ಸೋಸುವುದಕ್ಕಿಂತ ಮರಳಿ ಪಡೆಯುವುದೇ ದೊಡ್ಡ ಕೆಲಸ
ದಿನಕ್ಕೆ ಸೋಸುವುದು ಸುಮಾರು 180 ಲೀಟರ್, ಮೂತ್ರವಾಗುವುದು ಒಂದೂವರೆ ಲೀಟರ್ ಅಷ್ಟೆ. ಉಳಿದದ್ದನ್ನು ಗ್ಲೊಮೆರುಲಸ್‌ನ ಮುಂದಿನ ನಾಳಗಳು ರಕ್ತಕ್ಕೆ ಹಿಂದಿರುಗಿಸುತ್ತವೆ. ಮೊದಲ ಸುರುಳಿನಾಳದ ಒಳಮೈಯಲ್ಲಿ ಬ್ರಷ್ಷಿನ ಎಳೆಗಳಂತೆ ಒತ್ತಾಗಿ ನಿಂತ ಚಾಚುಗಳಿವೆ. ಹೀರುವ ಮೈ ಇಷ್ಟು ಹಿಗ್ಗಿರುವುದರಿಂದಲೇ ಸುಮಾರು ಮೂರನೇ ಎರಡರಷ್ಟು ನೀರು, ಸೋಡಿಯಂ ಮತ್ತು ಹೆಚ್ಚುಕಡಿಮೆ ಎಲ್ಲ ಗ್ಲೂಕೋಸ್ ಇಲ್ಲೇ ವಾಪಸಾಗುತ್ತವೆ. ಡಾಪಾಗ್ಲಿಫ್ಲೋಜಿನ್ ಮಾತ್ರೆ ತಡೆಯುವುದು ಇಲ್ಲಿನ ಗ್ಲೂಕೋಸ್ ಸಾಗಣೆಯನ್ನೇ. ಸಕ್ಕರೆಗೆಂದು ಬಂದ ಆ ಮಾತ್ರೆಯನ್ನು ಈಗ ಕಿಡ್ನಿಯ ರಕ್ಷಣೆಗೂ ಕೊಡುತ್ತೇವೆ.

4. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಬೇಕು
ಕಿಡ್ನಿಯ ಒಳಭಾಗ ಮೆಡುಲ್ಲಾ. ನಾಳಗಳ ಹೆನ್ಲೆ ಕುಣಿಕೆಗಳು ಇಲ್ಲಿ ಕೆಳಗಿಳಿದು ಮತ್ತೆ ಮೇಲೇರುತ್ತವೆ. ಈ ಎದುರುಬದುರು ಹರಿವಿನಿಂದಾಗಿ ಒಳಕ್ಕೆ ಹೋದಂತೆ ಉಪ್ಪಿನ ಸಾಂದ್ರತೆ ಏರುತ್ತದೆ. ಆ ಬಲದಿಂದಲೇ ಮೂತ್ರ ಗಟ್ಟಿಯಾಗುತ್ತದೆ. ಈ ಭಾಗ ಕೆಟ್ಟರೆ ಮೂತ್ರ ತೆಳುವಾಗಿಯೇ ಉಳಿದು, ರಾತ್ರಿ ಪದೇಪದೇ ಏಳಬೇಕಾಗುತ್ತದೆ. ಸಾಂದ್ರತೆ ಉಳಿಯಬೇಕೆಂದೇ ಇಲ್ಲಿ ರಕ್ತ ನಿಧಾನ ಹರಿಯುತ್ತದೆ. ಹಾಗಾಗಿ ಆಮ್ಲಜನಕವೂ ಕಡಿಮೆ. ಬಿಪಿ ಕುಸಿದಾಗ ಬೇಗ ನರಳುವುದೂ ಇದೇ ಭಾಗ.

5. ಬಿಳಿಚಿದ ಮುಖಕ್ಕೂ ಕಿಡ್ನಿ ಕಾರಣವಾಗಬಹುದು
ನಾಳಗಳ ನಡುವಿನ ಕೆಲವು ಜೀವಕೋಶಗಳು ಎರಿತ್ರೊಪೊಯೆಟಿನ್ ಹಾರ್ಮೋನು ತಯಾರಿಸಿ, ಕೆಂಪು ರಕ್ತಕಣ ಹುಟ್ಟಿಸಲು ಎಲುಬಿನ ಮಜ್ಜೆಗೆ ಸೂಚನೆ ಕೊಡುತ್ತವೆ. ಆ ಜಾಗ ಗಾಯಗಟ್ಟಿದರೆ ರಕ್ತಹೀನತೆ ಬರುತ್ತದೆ. ಡಯಾಲಿಸಿಸ್ ಯಂತ್ರ ರಕ್ತ ಶುದ್ಧಮಾಡೀತು, ಹಾರ್ಮೋನು ತಯಾರಿಸಲಾರದು. ಅದಕ್ಕೇ ಆ ಹಾರ್ಮೋನಿನ ಇಂಜೆಕ್ಷನ್ ಬೇಕಾಗುವುದು.

6. ಕಳೆದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ
ಒಂದು ಗ್ಲೊಮೆರುಲಸ್ ಮತ್ತು ಅದರ ನಾಳ ಸೇರಿದರೆ ಒಂದು ನೆಫ್ರಾನ್; ಒಂದು ಕಿಡ್ನಿಯಲ್ಲಿ ಸರಾಸರಿ ಇಂಥ ಹತ್ತು ಲಕ್ಷ. ಎಲ್ಲವೂ ತಾಯಿಯ ಗರ್ಭದಲ್ಲೇ ರೂಪುಗೊಳ್ಳುತ್ತವೆ. ಕೆಲವು ಸತ್ತರೆ ಉಳಿದವು ಹಿಗ್ಗಿ ಹೆಚ್ಚು ದುಡಿಯುತ್ತವೆ. ಹೀಗಾಗಿ ಅರ್ಧ ಸಾಮರ್ಥ್ಯ ಹೋಗುವವರೆಗೂ ಕ್ರಿಯಾಟಿನಿನ್ ಸರಿಯಾಗಿಯೇ ಕಾಣಬಹುದು. ಆದರೆ ಆ ಅತಿದುಡಿಮೆಯ ಒತ್ತಡದಲ್ಲೇ ಅವೂ ಸವೆಯುತ್ತವೆ.

ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ: ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಿ. ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಇರುವ ನೆಫ್ರಾನ್‌ಗಳನ್ನು ಉಳಿಸಿಕೊಳ್ಳುವುದೇ ಅತ್ಯುತ್ತಮ ಚಿಕಿತ್ಸೆ.