ಟಿಪ್ಪಣಿ: ಜಾಝ್‌ಗೆ ದನಿಯಾದ ಆರ್.ಎ. ರಮಾಮಣಿ

ಬೆಂಗಳೂರಿನ ಕರ್ನಾಟಕ ಸಂಗೀತ ಗಾಯಕಿ. ಪತಿ, ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಸ್ಥಾಪಿಸಿದರು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಜೊತೆ ಈ ಕಾಲೇಜಿನ ತಂಡ ನುಡಿಸಿದ 'ಜ್ಯೋತಿ' (1983) ಆಲ್ಬಂ ಅನ್ನು ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಅದರಲ್ಲಿ ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ರಮಾಮಣಿಯವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಖಂಜೀರ. ಕೊನ್ನಕೋಲ್ ಕೂಡ ಇದೆ: ಬಾಯಲ್ಲೇ 'ತಕಧಿಮಿ' ಎಂದು ಲಯ ನುಡಿಯುವ ಕಲೆಗೆ ಈ ಹೆಸರು. ಪರೀಕ್ಷೆಯಲ್ಲಿ ಇದನ್ನು ವಾದ್ಯವೆಂದು ಗುರುತು ಹಾಕಿ ಅಂಕ ಕಳೆದುಕೊಳ್ಳಬೇಡಿ. ಇಸವಿಗಳನ್ನೂ ನೆನಪಿಡಿ. 1964 ಕಾಲೇಜು, 1983 ಆಲ್ಬಂ: ಅದಲು ಬದಲು ಮಾಡಬೇಡಿ.