ಹಳೆಯ ಲಾರಿಯೊ, ಹೊಸ ಲಾರಿಯೊ?

ಸರಕು ಸಾಗಿಸುವ ವೃತ್ತಿಯವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದುಂಟು. ಬಹುಕಾಲ ದುಡಿದ ಲಾರಿ ಗ್ಯಾರೇಜಿನ ಮುಂದೆ ನಿಂತಿದೆ. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾನೆ. ಅದಕ್ಕೆ ಇನ್ನಷ್ಟು ಹಣ ಸುರಿಯುವುದೊ, ಅದನ್ನು ಮಾರಿ ಸಾಲ ಮಾಡಿಯಾದರೂ ಹೊಸದನ್ನು ಕೊಳ್ಳುವುದೊ? ಒಂದೇ ಲಾರಿಯನ್ನು ನಂಬಿದ ಕುಟುಂಬಕ್ಕೆ ಇದು ಅನ್ನದ ಪ್ರಶ್ನೆ. ಹಳೆಯದೇ ಗಟ್ಟಿಯೆಂದು ಕೆಲವರೂ, ಹಳೆಯದು ಡೀಸೆಲ್ ಕುಡಿಯುತ್ತದೆಂದು ಕೆಲವರೂ ವಾದಿಸುವುದುಂಟು. ಎರಡರಲ್ಲಿಯೂ ಸತ್ಯಾಂಶವಿದೆ. ಯಾವುದು ಯಾವಾಗ ಸತ್ಯವೆಂಬುದನ್ನು ಅಳೆದು ನಿರ್ಧರಿಸಲು ಪ್ರೌಢಶಾಲೆಯ ಭೌತವಿಜ್ಞಾನವೂ ಸ್ವಲ್ಪ ಅಂಕಗಣಿತವೂ ಸಾಕು.

ಎರಡು ಬಗೆಯ ಮುಪ್ಪು

ಯಂತ್ರಕ್ಕೆ ಬರುವ ಮುಪ್ಪು ಎರಡು ಬಗೆಯದು. ಮೊದಲನೆಯದು ಸವಕಳಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಅದರ ಮೊದಲಿನ ಗಾತ್ರದ ಸುಮಾರು ಹದಿನೇಳನೆಯ ಒಂದು ಪಾಲಿಗೆ ಒತ್ತುತ್ತದೆ. ಶಾಖ ಹೊರಹೋಗಲು ಎಡೆಯೇ ಇಲ್ಲವೆಂದು ಭಾವಿಸಿದರೆ, 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದ ಗಾಳಿ 600 ಡಿಗ್ರಿಯನ್ನೂ ಮೀರಿ ಕಾಯುವುದೆಂದು ಲೆಕ್ಕದಿಂದ ತಿಳಿಯುತ್ತದೆ. ಈ ಗಾಳಿಯೊಳಕ್ಕೆ ತುಂತುರಾಗಿ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ರಿಂಗುಗಳು ಸವೆದರೆ ಒತ್ತಿದ ಗಾಳಿ ಸಂದಿನಿಂದ ನುಸುಳುತ್ತದೆ. ಒತ್ತಡವೂ ಉಷ್ಣತೆಯೂ ತಗ್ಗಿ ದಹನ ಅಪೂರ್ಣವಾಗುತ್ತದೆ. ಕಪ್ಪು ಹೊಗೆ ಅದರ ಗುರುತು. ಕೀಲೆಣ್ಣೆ ಮೇಲೇರಿ ಉರಿದರೆ ಹೊಗೆಗೆ ನೀಲಿ ಛಾಯೆ ಬರುತ್ತದೆ. ಈ ಮುಪ್ಪಿಗೆ ಮದ್ದುಂಟು. ಸಿಲಿಂಡರಿನ ಒಳಮೈಯನ್ನು ಮತ್ತೆ ಕೊರೆಸಿ, ಹೊಸ ಪಿಸ್ಟನ್ನು ರಿಂಗುಗಳನ್ನು ಹಾಕಿಸಿ, ಇಂಜೆಕ್ಟರುಗಳನ್ನು ಸರಿಪಡಿಸಿದರೆ ಎಂಜಿನ್ನು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳುತ್ತದೆ.

ಎರಡನೆಯದು ಕಾಲಕ್ಕೆ ಹಿಂದುಳಿಯುವ ಮುಪ್ಪು. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ಒಳಗಾದ ರುಡಾಲ್ಫ್ ಡೀಸೆಲ್ಲನ ಎಂಜಿನ್ನು ಇಂಧನದ ಶಕ್ತಿಯಲ್ಲಿ ಸುಮಾರು ಶೇಕಡ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಇಂದಿನ ಉತ್ತಮ ಲಾರಿಗಳ ಎಂಜಿನ್ನುಗಳು ಶೇಕಡ 40ನ್ನು ಮೀರಿವೆ. ಅಧಿಕ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಪಂಪುಗಳು, ಹೊಗೆಯ ರಭಸದಿಂದಲೇ ತಿರುಗಿ ಹೆಚ್ಚು ಗಾಳಿ ತುಂಬುವ ಟರ್ಬೊ, ಎಲೆಕ್ಟ್ರಾನಿಕ್ ನಿಯಂತ್ರಣ ಮುಂತಾದವು ಇದಕ್ಕೆ ಕಾರಣ. ದುರಸ್ತಿಯು ಎಂಜಿನ್ನನ್ನು ಅದು ಹುಟ್ಟಿದ ದಿನದ ಸ್ಥಿತಿಗೆ ಒಯ್ಯಬಲ್ಲುದೇ ಹೊರತು ಇಂದಿನ ಸ್ಥಿತಿಗೆ ತರಲಾರದು.

ಘಟ್ಟ ಹತ್ತುವ ಲೆಕ್ಕ

ಈ ವ್ಯತ್ಯಾಸ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಸರಕೂ ಸೇರಿ 16 ಟನ್ ತೂಗುವ ಲಾರಿಯೊಂದು ಮಂಗಳೂರಿನಿಂದ ಶಿರಾಡಿ ಘಟ್ಟದ ಮೂಲಕ ಸಕಲೇಶಪುರಕ್ಕೆ ಬರುತ್ತದೆ. ಏರುವ ಎತ್ತರ ಸುಮಾರು 900 ಮೀಟರು. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ ಸುಮಾರು 14.1 ಕೋಟಿ ಜೌಲುಗಳು. ಗುರುತ್ವಕ್ಕೆ ಹಳತು ಹೊಸತೆಂಬ ಭೇದವಿಲ್ಲ. ಯಾವ ಲಾರಿಯಾದರೂ ಈ ಸುಂಕವನ್ನು ತೆತ್ತೇ ತೀರಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 3.6 ಕೋಟಿ ಜೌಲುಗಳಷ್ಟು ಶಕ್ತಿ ಅಡಗಿದೆ. ಅದರಲ್ಲಿ ಶೇಕಡ 30 ಭಾಗ ಮಾತ್ರ ಚಕ್ರಕ್ಕೆ ಮುಟ್ಟಿದರೆ, ಎತ್ತರ ಏರುವುದಕ್ಕಾಗಿಯೇ ಸುಮಾರು 13 ಲೀಟರು ಬೇಕು. ಶೇಕಡ 40 ಮುಟ್ಟಿದರೆ 10 ಲೀಟರಿಗೂ ತುಸು ಕಡಮೆ ಸಾಕು. ಒಂದು ಸಲ ಏರಿದರೆ 3 ಲೀಟರಿಗೂ ಹೆಚ್ಚು ಉಳಿತಾಯ. ವಾರಕ್ಕೆ ಮೂರು ಬಾರಿ ಘಟ್ಟ ಹತ್ತುವವನಿಗೆ ಇದು ದೊಡ್ಡ ಮೊತ್ತ; ವರ್ಷಕ್ಕೊಮ್ಮೆ ಹತ್ತುವವನಿಗೆ ಗಣನೆಗೇ ಬಾರದು. ಎಂದಮೇಲೆ ಲಾರಿಯ ವಯಸ್ಸನ್ನಷ್ಟೇ ಕೇಳಿದರೆ ಸಾಲದು, ಅದರ ಓಟವನ್ನೂ ಕೇಳಬೇಕು.

ಇಬ್ಬರು ಮಾಲಿಕರು

ಲೆಕ್ಕಕ್ಕೆ ತೊಡಗುವ ಮೊದಲು ಒಂದು ನಿಯಮವನ್ನು ನೆನಪಿಡತಕ್ಕದ್ದು. ಹಿಂದೆ ಸುರಿದ ಹಣ ಯಾವ ದಾರಿ ಹಿಡಿದರೂ ಮರಳಿ ಬಾರದು. ಆದುದರಿಂದ ಅದನ್ನು ಲೆಕ್ಕಕ್ಕೆ ಸೇರಿಸಬಾರದು. ಕಳೆದ ವರ್ಷವಷ್ಟೇ ಗೇರ್‌ಬಾಕ್ಸಿಗೆ ಲಕ್ಷ ರೂಪಾಯಿ ಹಾಕಿದೆನೆಂಬುದು ಲಾರಿಯನ್ನು ಇಟ್ಟುಕೊಳ್ಳಲು ಕಾರಣವಾಗದು. ಇನ್ನು ಮುಂದೆ ತಗಲುವ ವೆಚ್ಚಗಳನ್ನು ಮಾತ್ರ ಹೋಲಿಸಬೇಕು.

ಹಳೆಯ ಲಾರಿ ಲೀಟರಿಗೆ 4 ಕಿಲೊಮೀಟರ್, ಹೊಸದು 5 ಕಿಲೊಮೀಟರ್ ಓಡುತ್ತದೆಂದೂ ಡೀಸೆಲ್ ಬೆಲೆ 90 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಹಳೆಯದನ್ನು ಮಾರಿ ಹೊಸದನ್ನು ಕೊಳ್ಳಲು ಮೇಲೆ 24 ಲಕ್ಷ ರೂಪಾಯಿ ಬೇಕು. ಶೇಕಡ 10ರಂತೆ ಮೊದಲ ವರ್ಷದ ಬಡ್ಡಿ 2.4 ಲಕ್ಷ. ಇವು ಲೆಕ್ಕಕ್ಕಾಗಿ ಹಿಡಿದ ಅಂಕೆಗಳು. ವಾಚಕರು ತಮ್ಮ ಊರಿನ ಅಂಕೆಗಳನ್ನು ಇಲ್ಲಿ ಇಟ್ಟುನೋಡಬಹುದು.

ಮೊದಲನೆಯ ಮಾಲಿಕನು ಪಟ್ಟಣದ ಸುತ್ತಮುತ್ತ ಇಟ್ಟಿಗೆ ಜಲ್ಲಿ ಹೊರುತ್ತಾನೆ. ವರ್ಷದ ಓಟ 15,000 ಕಿಲೊಮೀಟರ್. ಹೊಸ ಲಾರಿಯಿಂದ ಅವನಿಗೆ ಉಳಿಯುವ ಡೀಸೆಲ್ 750 ಲೀಟರು, ಅಂದರೆ 67,500 ರೂಪಾಯಿ. ದುರಸ್ತಿಯಲ್ಲಿ 60,000 ಉಳಿದರೂ ಒಟ್ಟು 1,27,500. ಬಡ್ಡಿಯೊಡನೆ ಹೊಸ ಲಾರಿಯ ಬೆಲೆಯಿಳಿತ 2 ಲಕ್ಷವನ್ನು ಸೇರಿಸಿದರೆ ಹೊರೆ 4.4 ಲಕ್ಷ. ಇವನು ಹಳೆಯದನ್ನೇ ಸರಿಪಡಿಸಿಕೊಳ್ಳುವುದು ಲೇಸು.

ಎರಡನೆಯವನು ಬೆಂಗಳೂರು ಮಂಗಳೂರುಗಳ ನಡುವೆ ವರ್ಷಕ್ಕೆ 90,000 ಕಿಲೊಮೀಟರ್ ಓಡಿಸುತ್ತಾನೆ. ಅವನಿಗೆ ಉಳಿಯುವ ಡೀಸೆಲ್ 4,500 ಲೀಟರು, ಅಂದರೆ 4,05,000 ರೂಪಾಯಿ. ದುರಸ್ತಿಯ ಉಳಿತಾಯ 2 ಲಕ್ಷವಾದರೆ ಒಟ್ಟು 6,05,000. ಹೆಚ್ಚು ಓಡುವ ಲಾರಿಯ ಬೆಲೆ ಬೇಗ ಇಳಿಯುವುದರಿಂದ ಬೆಲೆಯಿಳಿತವನ್ನು 3 ಲಕ್ಷವೆಂದು ಹಿಡಿದರೂ ಹೊರೆ 5.4 ಲಕ್ಷ ಮಾತ್ರ. ಇವನಿಗೆ ಹೊಸದೇ ಲಾಭಕರ.

ಪ್ರಕೃತಿಯ ಲೆಕ್ಕಪುಸ್ತಕ

ಇನ್ನು ಇಂಗಾಲದ ಲೆಕ್ಕವನ್ನು ನೋಡೋಣ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೊಗ್ರಾಂ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಆದರೆ ಹೊಸ ಲಾರಿಯನ್ನು ತಯಾರಿಸುವುದಕ್ಕೂ ಶಕ್ತಿ ಬೇಕಷ್ಟೆ! ಒಂದು ಟನ್ ಉಕ್ಕಿನ ತಯಾರಿಕೆಯಲ್ಲಿ ಸುಮಾರು ಎರಡು ಟನ್ ಡೈ ಆಕ್ಸೈಡ್ ಹೊರಬೀಳುತ್ತದೆ. ಆರು ಟನ್ ಉಕ್ಕಿನ ಲಾರಿಗೆ, ಲೋಹದ ಬಾಬ್ತಿನಲ್ಲಿಯೇ ಇದು 12 ಟನ್ನು. ದೂರದ ಓಟದವನು ವರ್ಷಕ್ಕೆ ಸುಮಾರು 12 ಟನ್ ಉಳಿಸಿ ಒಂದೇ ವರ್ಷದಲ್ಲಿ ಈ ಸಾಲವನ್ನು ತೀರಿಸುತ್ತಾನೆ. ಪಟ್ಟಣದವನು ಉಳಿಸುವುದು ಎರಡು ಟನ್ನು. ತೀರಿಸಲು ಆರು ವರ್ಷ ಬೇಕು. ಇಲ್ಲಿಯೂ ಓಟವೇ ನಿರ್ಣಾಯಕ.

ಇಲ್ಲಿಗೇ ಮುಗಿಸುವಂತಿದ್ದರೆ ಪ್ರಶ್ನೆ ಸುಲಭವಾಗುತ್ತಿತ್ತು. ಆದರೆ ಮಾಲಿಕನ ಪುಸ್ತಕದಲ್ಲಿ ಬರೆಯದೆ ಉಳಿಯುವ ಬಾಬ್ತೊಂದಿದೆ. ಅದು ಹೊಗೆ. ಡೀಸೆಲ್ ಎಂಜಿನ್ನಿನ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ನಿರ್ಣಯಿಸಿತು. ನಮ್ಮ ದೇಶದಲ್ಲಿ 2000ದ ಮಾನಕದಂತೆ ದೊಡ್ಡ ಲಾರಿಯ ಎಂಜಿನ್ನು ಪ್ರತಿಯೊಂದು ಕಿಲೊವಾಟ್ ಗಂಟೆಯ ಕೆಲಸಕ್ಕೆ 0.36 ಗ್ರಾಂ ಮಸಿಕಣಗಳನ್ನು ಉಗುಳಬಹುದಾಗಿತ್ತು. 2010ರ ಭಾರತ್ ಸ್ಟೇಜ್ 3ರಲ್ಲಿ ಈ ಮಿತಿ 0.10ಕ್ಕೆ ಇಳಿಯಿತು, 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6ರಲ್ಲಿ ಅದು 0.01 ಗ್ರಾಂ. ಮಸಿಯನ್ನು ಹಿಡಿದಿಡುವ ಸೋಸಕ ಹೊಸ ಲಾರಿಯ ಹೊಗೆಕೊಳವೆಯಲ್ಲಿಯೇ ಇರುತ್ತದೆ. ಹಳೆಯ ಎಂಜಿನ್ನಿನ ರಿಂಗು ಬದಲಾಯಿಸಿದ ಮಾತ್ರಕ್ಕೆ ಇದು ದೊರೆಯದು.

ಈಗ ತೊಡಕನ್ನು ಗಮನಿಸಿರಿ. ಹಣದ ಲೆಕ್ಕದಂತೆ ಹಳೆಯದನ್ನೇ ಇಟ್ಟುಕೊಳ್ಳತಕ್ಕವನು ಪಟ್ಟಣದೊಳಗಿನ ಮಾಲಿಕ. ಆದರೆ ಅವನ ಲಾರಿಯೇ ಶಾಲೆಯ ಮುಂದೆ, ಸಂತೆಯ ನಡುವೆ, ಜನರ ಮೂಗಿನ ಮಟ್ಟದಲ್ಲಿ ಹೊಗೆ ಬಿಡುತ್ತದೆ. ದೂರದ ಓಟದವನು ಮಾರಿದ ಲಾರಿಯೂ ಅಲ್ಲಿಗೇ ನಾಶವಾಗುವುದಿಲ್ಲ. ಕಡಮೆ ಬೆಲೆಗೆ ಇಂತಹ ಪಟ್ಟಣಕ್ಕೇ ಬರುತ್ತದೆ. ಸರಪಣಿಯ ಕೊನೆಯ ಲಾರಿ ಗುಜರಿಗೆ ಸೇರಿದಾಗ ಮಾತ್ರ ಹೊಗೆಯಲ್ಲಿ ನಿಜವಾದ ಇಳಿಕೆ.

ಪಟ್ಟಣದ ಮಾಲಿಕನಿಗೆ ಮೂರನೆಯ ದಾರಿಯೊಂದಿದೆ. ಹೊಚ್ಚಹೊಸದಕ್ಕೆ ಬದಲು, 2020ರ ಏಪ್ರಿಲ್ ತಿಂಗಳ ಅನಂತರ ತಯಾರಾಗಿ ದೂರದ ಓಟ ಮುಗಿಸಿದ ಲಾರಿಯನ್ನು ಕೊಂಡು, ತನ್ನದನ್ನು ಗುಜರಿಗೆ ಕೊಡುವುದು. ಬಂಡವಾಳ ತಗ್ಗಿದಂತೆ ಬಡ್ಡಿಯೂ ಬೆಲೆಯಿಳಿತವೂ ತಗ್ಗುತ್ತವೆ. ಆ ಲಾರಿಗೆ ತೆರುವ ಬೆಲೆ ಎಷ್ಟಕ್ಕೆ ಇಳಿದರೆ ಅವನ 1,27,500 ರೂಪಾಯಿಯ ಉಳಿತಾಯಕ್ಕೆ ಹೊರೆ ಸಮನಾದೀತು? ಬಡ್ಡಿಯನ್ನು ಶೇಕಡ 10 ಎಂದೂ ಬೆಲೆಯಿಳಿತವನ್ನು ವರ್ಷಕ್ಕೆ 60,000 ಎಂದೂ ಹಿಡಿದು ವಾಚಕರೇ ಲೆಕ್ಕ ಮಾಡಿನೋಡಲಿ. ತೋಟದ ಹಳೆಯ ಪಂಪುಸೆಟ್ಟಿನ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸಬಹುದು. ಅಲ್ಲಿ ಕಿಲೊಮೀಟರಿನ ಬದಲು ವರ್ಷದಲ್ಲಿ ಅದು ಓಡುವ ಗಂಟೆಗಳನ್ನು ಎಣಿಸಿದರಾಯಿತು.