ಬೀಜೋತ್ಪಾದನೆ ಒಪ್ಪಂದದಲ್ಲಿ ‘ಗೋಪ್ಯತೆ’ ಷರತ್ತು: ಸಹಿಗೆ ಮುಂಚೆ ಏನು ನೋಡಬೇಕು?



ರಾಣೆಬೆನ್ನೂರು, ಹಾವೇರಿ ಕಡೆ ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ಮಾಡೋ ರೈತರು ಬಹಳ ಜನ ಇದ್ದಾರೆ. ಕಂಪನಿ ಗಂಡು, ಹೆಣ್ಣು ತಳಿಯ ಪೇರೆಂಟ್ ಬೀಜ ಕೊಡುತ್ತೆ. ನಾವು ಬೆಳೆಸಿ, ಕೈಯಿಂದ ಕ್ರಾಸಿಂಗ್ ಮಾಡಿಸಿ, ಬೀಜ ತೆಗೆದು ವಾಪಸ್ ಕೊಡ್ತೀವಿ. ಆರ್ಗನೈಸರ್ ತಂದ ಪತ್ರದಲ್ಲಿ ದರ, ಮುಂಗಡ ನೋಡಿ ಸಹಿ ಹಾಕ್ತೀವಿ. ಅದರೊಳಗೆ ‘ಕಾನ್ಫಿಡೆನ್ಷಿಯಾಲಿಟಿ’ ಅಂತ ಒಂದು ಪ್ಯಾರಾ ಇದ್ದರೆ ಅದನ್ನು ಓದೋರು ಕಡಿಮೆ.

ಗೋಪ್ಯತೆ ಕೇಳೋದರಲ್ಲಿ ಅರ್ಧ ನ್ಯಾಯ ಇದೆ. ಪೇರೆಂಟ್ ತಳಿ ಬೇರೆಯವರ ಕೈಗೆ ಸಿಕ್ಕರೆ ಅದೇ ಹೈಬ್ರಿಡ್ಡನ್ನು ಅವರೂ ಮಾಡಬಹುದು. ವ್ಯಾಪಾರದ ಗುಟ್ಟು ಕಾಯೋಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ಹಾಗಾಗಿ ಕಂಪನಿ ಈ ಪತ್ರವನ್ನೇ ನೆಚ್ಚಿಕೊಂಡಿರುತ್ತೆ. ಪೇರೆಂಟ್ ಬೀಜ, ಗಿಡ, ಪರಾಗ ಯಾರಿಗೂ ಕೊಡಬೇಡಿ. ಪ್ಯಾಕೆಟ್ ಮೇಲಿನ ಕೋಡ್ ಕಾಣೋ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಆದರೆ ಆ ಫೋಟೊ, ಲಾಟ್ ನಂಬರ್ ಸಮೇತ, ನಿಮ್ಮ ಫೋನಿನಲ್ಲಿ ಇರಲೇಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ.

ತೊಂದರೆ ಇರೋದು “ಈ ಒಪ್ಪಂದದ ಯಾವುದೇ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ” ಅನ್ನೋ ಥರದ ಸಾಲಿನಲ್ಲಿ. ಬೀಜ ಕೊಟ್ಟು ಕೆಲವು ತಿಂಗಳಾಯ್ತು, ಗ್ರೋ ಔಟ್ ಟೆಸ್ಟ್‌ನಲ್ಲಿ ಫೇಲ್ ಅಂತ ಕಂಪನಿ ಹೇಳ್ತು, ಬಾಕಿ ಹಣ ಇಲ್ಲ ಅಂತು ಅಂದ್ಕೊಳ್ಳಿ. ತಪ್ಪು ನಮ್ಮ ಕ್ರಾಸಿಂಗ್‌ದೋ, ಅವರು ಕೊಟ್ಟ ಪೇರೆಂಟ್ ಬೀಜದಲ್ಲೇ ಬೆರಕೆ ಇತ್ತೋ? ಇದನ್ನು ಕೇಳೋಕೆ ಪತ್ರವನ್ನು ವಕೀಲರಿಗೋ ಇಲಾಖೆಯವರಿಗೋ ತೋರಿಸಬೇಕು. ತೋರಿಸಿದರೆ ಲಕ್ಷಗಟ್ಟಲೆ ದಂಡ ಅಂತ ಬರೆದಿದೆ. ಹೆದರಿ ಸುಮ್ಮನಾದರೆ ಒಂದು ವರ್ಷದ ದುಡಿಮೆ ಹೋಯ್ತು.

ಅಷ್ಟು ಹೆದರಬೇಕಾಗಿಲ್ಲ. ಕೋರ್ಟಿಗೆ ಹೋಗೋ ಹಕ್ಕನ್ನೇ ಪೂರ್ತಿ ತಡೆಯೋ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಆ ಮಟ್ಟಿಗೆ ಅಸಿಂಧು. ಜಗಳವನ್ನು ಮಧ್ಯಸ್ಥಗಾರರ ಮುಂದೆ ಇಡಬೇಕು ಅನ್ನೋ ಷರತ್ತು ಮಾತ್ರ ನಡೆಯುತ್ತೆ, ಅದು ಇದೆಯಾ ನೋಡಿಕೊಳ್ಳಿ. ಇನ್ನು ದಂಡದ ವಿಷಯ. 74ನೇ ಸೆಕ್ಷನ್ ಪ್ರಕಾರ ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಕೋರ್ಟು ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಕೊಡಿಸುತ್ತೆ.

ಆದರೂ ಸಹಿಗೆ ಮುಂಚೆ ಕೇಳೋದೇ ಸುಲಭ. ‘ವಕೀಲರು, ಬ್ಯಾಂಕ್, ವಿಮಾ ಕಂಪನಿ, ಕೃಷಿ ಮತ್ತು ತೋಟಗಾರಿಕೆ ಇಲಾಖೆ, ಪೊಲೀಸ್, ನ್ಯಾಯಾಲಯ, ಇವರಿಗೆ ತಿಳಿಸುವುದು ಉಲ್ಲಂಘನೆಯಲ್ಲ’ ಅಂತ ಒಂದು ಸಾಲು ಸೇರಿಸೋಕೆ ಹೇಳಿ. ಗೋಪ್ಯತೆ ಎಷ್ಟು ವರ್ಷ ಅಂತ ಬರೆಸಿ. ದರ ಗುಟ್ಟು ಅನ್ನೋ ಮಾತು ಇದ್ದರೆ ನಾನಂತೂ ತೆಗೆಸೋಕೆ ನೋಡ್ತೀನಿ. ಪಕ್ಕದ ಹೊಲದವನಿಗೆ ಎಷ್ಟು ಕೊಡ್ತಾರೆ ಅಂತ ಗೊತ್ತಾಗದೆ ಚೌಕಾಸಿ ಹೇಗೆ ಮಾಡೋದು?

ಬೀಜ ಒಪ್ಪಿಸೋ ದಿನ ನಿಮ್ಮೆದುರೇ ಸ್ಯಾಂಪಲ್ ತೆಗೆದು, ಇಬ್ಬರೂ ಸಹಿ ಮಾಡಿ ಸೀಲ್ ಹಾಕಿದ ಒಂದು ಪೊಟ್ಟಣ ನಿಮ್ಮ ಹತ್ತಿರ ಇರಲಿ ಅಂತಲೂ ಬರೆಸಿ. ಬರೆಸದೆ ಇಟ್ಟುಕೊಂಡರೆ ಅದನ್ನೇ ಬೀಜ ಕದ್ದ ಆರೋಪ ಮಾಡಬಹುದು. ಈ ಪೊಟ್ಟಣ, ಲಾಟ್ ನಂಬರಿನ ಫೋಟೊ ಎರಡೂ ಇದ್ದರೆ ಟೆಸ್ಟ್ ಫೇಲ್ ಅಂದಾಗ ಮಾತಾಡೋಕೆ ಆಧಾರ ಇರುತ್ತೆ.

ಸಹಿ ಆದಮೇಲೆ ಪತ್ರದ ಒಂದು ಪ್ರತಿ ಕೇಳಿ. “ಆಮೇಲೆ ಕಳಿಸ್ತೀವಿ” ಅಂದರೆ ಅಲ್ಲೇ ಪ್ರತಿ ಪುಟದ ಫೋಟೊ ತೆಗೀರಿ. ಈಗಾಗಲೇ ಸಹಿ ಹಾಕಿ ಸಿಕ್ಕಿಕೊಂಡಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಕಡಿಮೆ ಇರೋರಿಗೆ ಅಲ್ಲಿ ವಕೀಲರ ಸಹಾಯ ಉಚಿತ.